ಒಂದ್ ರಾತ್ರಿ ಕೊಡಬಹುದ್ರಿ

ಎಳ್ಳಮಾಸಿಯ ದಿನ ಜಾಲಹಳ್ಳಿಯ ಬಸ್ಸು ಹೊತ್ತು ಮೀರಿಯೇ ಬರುತ್ತದೆ. ದೇವದುರ್ಗ ಬಿಡುವಾಗಲೇ ಕಾಲಿಡಲು ಜಾಗವಿರಲಿಲ್ಲ. ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಕಂಡಕ್ಟರ್ ಹತ್ತಿಸಿಕೊಂಡಿದ್ದಾನೆ. ಎಲ್ಲರೂ ಹೊಲದಲ್ಲಿ ಚರಗ ಚೆಲ್ಲಿ, ಗಿಡದ ನೆರಳಿಗೆ ಕುಳಿತು ಉಂಡು, ಖಾಲಿ ಬುಟ್ಟಿ ಹಿಡಿದು ಮನೆಗೆ ಹೊರಟವರು. ನಿಮ್ಮ ಪಕ್ಕದ ಹೆಣ್ಣುಮಗಳು ತೊಡೆಯ ಮೇಲಿನ ಗಂಟು ಬಿಚ್ಚಿ, ಎಳ್ಳು ಹಚ್ಚಿದ ಸಜ್ಜಿರೊಟ್ಟಿಯನ್ನು ಮುರಿದು ಕೈಗಿಡುತ್ತಾಳೆ. ನಡುವೆ ಒಂದಿಷ್ಟು ಪುಂಡಿಪಲ್ಯ. ಬೇಡ ಅನ್ನಲು ಬಾಯಿ ತೆರೆಯುತ್ತೀರಿ. ‘ಹಬ್ಬದ ದಿನ ಬ್ಯಾಡ ಅನಬಾರದ್ರಿ, ತಿನ್ರಿ.’ ತಿನ್ನುತ್ತೀರಿ.

ಕಿಟಕಿಯಾಚೆ ಎರೆಭೂಮಿ ಕತ್ತಲಿಗೆ ಇಳಿಯುತ್ತಿದೆ. ಹತ್ತಿ ಒಂದು ಸಲ ಬಿಡಿಸಿ ಆಗಿದೆ, ಗಿಡದಲ್ಲಿ ಇನ್ನೂ ಬಿಳಿ ಉಳಿದಿದೆ. ತೊಗರಿ ಒಣಗಿ ಗಲಗಲ ಅನ್ನುತ್ತಿದೆ. ಬಿಳಿಜೋಳ ತೆನೆ ಕಟ್ಟುವ ಹೊತ್ತು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಮುಟ್ಟಿದ ಹೊಲ ಒಂದು ಬಣ್ಣ, ಮುಟ್ಟದ ಹೊಲ ಇನ್ನೊಂದು ಬಣ್ಣ. ನೀರಿನ ಮಾತು ತೆಗೆದರೆ ಬಸ್ಸಿನ ಅರ್ಧ ಜನ ಬಾಯಿ ಹಾಕುತ್ತಾರೆ, ಹಾಗಾಗಿ ತೆಗೆಯಬೇಡಿ.

ಈ ತಾಲೂಕಿನ ಹೆಸರು ಸರ್ಕಾರಿ ಕಾಗದದಲ್ಲಿ ಕಂಡಾಗಲೆಲ್ಲ ಅದರ ಹಿಂದೆ ಒಂದು ವಿಶೇಷಣ ಇರುತ್ತದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ದೇವದುರ್ಗ ಅದರಲ್ಲಿತ್ತು. 2018ರಲ್ಲಿ ನೀತಿ ಆಯೋಗ ರಾಯಚೂರನ್ನೂ ಯಾದಗಿರಿಯನ್ನೂ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಎಂದು ಕರೆಯಿತು. ಹೆಸರು ಹಿತವಾಗಿದೆ. ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೋಗುವುದಂತೂ ನಿಂತಿಲ್ಲ. ಬೆಂಗಳೂರಿನ ಕಟ್ಟಡಗಳಲ್ಲಿ ಕಲ್ಲು, ಮಣ್ಣು, ಸಿಮೆಂಟು ಹೊರುವ ಕೈಗಳಲ್ಲಿ ಈ ಸೀಮೆಯ ಕೈಗಳೆಷ್ಟೋ ಇವೆ. 2020ರ ಲಾಕ್‌ಡೌನಿನಲ್ಲಿ ಅವೇ ಕೈಗಳು ಗಂಟುಮೂಟೆ ಹಿಡಿದು ಇದೇ ದಾರಿಯಲ್ಲಿ ಮರಳಿದ್ದವು.

ಜಾಲಹಳ್ಳಿಯಲ್ಲಿ ಇಳಿದ ಕೂಡಲೇ ಮೂಗಿಗೆ ಬರುವುದು ಮಿರ್ಚಿ ಕರಿಯುವ ಎಣ್ಣೆಯ ವಾಸನೆ. ದೊಡ್ಡ ಹೋಬಳಿ ಊರು. ಸುತ್ತಲ ಹಳ್ಳಿಯವರ ಸಂತೆ, ಆಸ್ಪತ್ರೆ, ಬಸ್ಸು ಎಲ್ಲ ಇಲ್ಲೇ. ರಂಗನಾಥನ ಗುಡಿಗೆ ಹಬ್ಬದ ದರ್ಶನಕ್ಕೆ ಹೋಗಿಬರುವವರು, ಒಗ್ಗರಣಿ ಮಂಡಾಳದ ಪೊಟ್ಟಣ ಹಿಡಿದ ಹುಡುಗರು. ಚಹಾದಂಗಡಿಯ ಮುಂದೆ ಬೈಕು ನಿಲ್ಲಿಸಿಕೊಂಡಿದ್ದವನೊಬ್ಬ ನಿಮ್ಮ ಚೀಲ ನೋಡಿ ಗುರುತು ಹಿಡಿಯುತ್ತಾನೆ. ‘ಭಜನಿಗೆ ಬರೋರು ನೀವ ಏನ್ರಿ? ಹತ್ರಿ ಗಾಡಿ.’

ಹೋಗುವ ಹಳ್ಳಿಯ ಹೆಸರು ಇಲ್ಲಿ ಬೇಡ. ಕೃಷ್ಣೆಯ ಈ ದಂಡೆಯ ಯಾವ ಹಳ್ಳಿಯನ್ನಾದರೂ ಅಲ್ಲಿಟ್ಟುಕೊಳ್ಳಿ. ಅಮಾವಾಸ್ಯೆಯ ಭಜನೆ ವಾಡಿಕೆಯಂತೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಡೆಯಬೇಕು. ಈ ಸಲ ಮನೆಯೊಂದರ ಅಂಗಳಕ್ಕೆ ಬಂದಿದೆ. ಯಾಕೆಂದು ಬೈಕಿನವನು ದಾರಿಯಲ್ಲೇ ಹೇಳಿದ್ದಾನೆ, ತಿರುಗಿ ನೋಡದೆ: ಆ ಮನೆಯ ಹಿರಿಮಗ ಬೆಂಗಳೂರಲ್ಲಿ ಕಟ್ಟಡದ ಕೆಲಸಕ್ಕಿದ್ದ, ಮೇಲಿಂದ ಬಿದ್ದ. ಮಣ್ಣು ಮಾಡಿ ಹೆಚ್ಚು ದಿನ ಆಗಿಲ್ಲ. ಈ ಕಡೆ ಸಾವಾದ ಮನೆಯಲ್ಲಿ ಹೆಣ ಇಟ್ಟುಕೊಂಡು ಇಡೀ ರಾತ್ರಿ ಭಜನೆ ಮಾಡುತ್ತಾರೆ. ಅವತ್ತು ದೇಹ ಬೆಂಗಳೂರಿನಿಂದ ಬರುವಷ್ಟರಲ್ಲಿ ಬೆಳಗಾಗಿತ್ತು, ಇಟ್ಟುಕೊಳ್ಳುವ ಹಾಗಿರಲಿಲ್ಲ. ಆವತ್ತು ಹಾಡಲಾಗದ್ದನ್ನು ಇವತ್ತು ಹಾಡುತ್ತಾರೆ.

ಅಂಗಳದ ಮೂಲೆಯಲ್ಲಿ ಹತ್ತಿಕಟ್ಟಿಗೆಯ ಸಣ್ಣ ಬೆಂಕಿ. ಅದು ಚಳಿ ಕಾಯಿಸಲು ಎಂದು ಹತ್ತಿರ ಹೋದರೆ, ಮೊದಲ ಹಕ್ಕು ದಮ್ಮಡಿಯದು. ಪಿಂಜಾರ ಮನೆತನದ ಹಿರಿಯರೊಬ್ಬರು ಅದನ್ನು ಬೆಂಕಿಗೆ ಅಡ್ಡ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದಾರೆ. ಚರ್ಮ ಇಬ್ಬನಿಗೆ ತೇವ ಕುಡಿದು ಸಡಿಲಾಗಿದೆ. ಬೆರಳಲ್ಲಿ ತಟ್ಟಿದರೆ ‘ದಬ್’ ಅನ್ನುತ್ತದೆ. ಮತ್ತೆ ಕಾಸುತ್ತಾರೆ. ಒಂದೇ ಕಡೆ ಹೆಚ್ಚು ಕಾಸಿದರೆ ಬಿರಿಯುತ್ತದೆ, ಆದ್ದರಿಂದ ಕೈ ನಿಲ್ಲುವುದಿಲ್ಲ. ಅಂಗೈ ಹಿಂಭಾಗವನ್ನು ಚರ್ಮಕ್ಕೆ ಮುಟ್ಟಿಸಿ ಬಿಸಿ ನೋಡುತ್ತಾರೆ, ಮಗುವಿನ ಜ್ವರ ನೋಡುವ ಹಾಗೆ. ಕೊನೆಗೊಮ್ಮೆ ‘ಠಣ್’ ಅಂದಾಗ ಅವರ ಮುಖದಲ್ಲಿ ಏನೂ ಕಾಣುವುದಿಲ್ಲ. ದಮ್ಮಡಿಯನ್ನು ಕಂಬಳಿಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಚಹಾಕ್ಕೆ ಕೈ ಚಾಚುತ್ತಾರೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಮುಂದೆ ಪದ ಹೇಳುವವರೂ ಇವರೇ.

ಪಕ್ಕದಲ್ಲಿ ಏಕತಾರಿಯ ಬಿರಡೆ ತಿರುಗುತ್ತಿದೆ. ಸೋರೆಬುರುಡೆ, ಬಿದಿರಿನ ದಂಡಿಗೆ, ಒಂದೇ ತಂತಿ. ಹಾರ್ಮೋನಿಯಂ ಅನ್ನು ಇಲ್ಲಿ ಪೆಟ್ಟಿಗೆ ಅಂತಾರೆ. ಅದರ ಒಂದು ಮನೆ ಕೆಟ್ಟಿದೆ, ಬಾರಿಸುವವನು ಅದನ್ನು ದಾಟಿಕೊಂಡೇ ಬಾರಿಸುವುದನ್ನು ರೂಢಿ ಮಾಡಿಕೊಂಡಿದ್ದಾನೆ. ನಿಮ್ಮ ಕೈಗೆ ತಾಳ ಕೊಡುತ್ತಾರೆ. ‘ನನಗೆ ಬರೋದಿಲ್ಲ’ ಎಂದರೆ ‘ಬರೋದೇನೈತ್ರಿ ಅದರಾಗ, ಹೊಡೀತಾ ಹೋದ್ರ ಬರ್ತದ’ ಎಂಬ ಉತ್ತರ ಸಿದ್ಧವಾಗಿದೆ. ಅಂಗಳದಲ್ಲಿ ಸುಮ್ಮನೆ ಕೇಳುವವರು ಅಂತ ಯಾರೂ ಇಲ್ಲ. ಒಳಗೆ ಬಾಗಿಲ ಹತ್ತಿರ ಹೆಂಗಸರು. ಹೊಸ್ತಿಲ ಆಚೆ, ಗೋಡೆಗೆ ಬೆನ್ನು ಕೊಟ್ಟು, ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಕುಳಿತವನು ತೀರಿಕೊಂಡವನ ಅಪ್ಪ. ಯಾರೂ ಅವನನ್ನು ಮಾತಾಡಿಸುವುದಿಲ್ಲ. ಯಾರೂ ಅವನಿಂದ ದೂರವೂ ಕೂರುವುದಿಲ್ಲ.

ಮೊದಲು ಗುರುವಿನ ಪದ. ಆಮೇಲೆ ಒಂದರ ಹಿಂದೊಂದು. ಹಾಡುವ ಅಜ್ಜನ ಮುಂದೆ ಒಂದು ವಹಿ ಇದೆ, ಆದರೆ ಅವನು ಪುಟ ನೋಡುವುದು ಕಡಿಮೆ. ಹಳೆಯ ಉದ್ದ ಲೆಕ್ಕದ ವಹಿ. ಮೊದಲ ಪುಟಗಳಲ್ಲಿ ಯಾರಿಗೋ ಕೊಟ್ಟ ಜೋಳದ ಲೆಕ್ಕ, ನಂತರ ಪದಗಳು. ಮೂರು ಕೈಬರಹ ಗುರುತಿಸಬಹುದು: ಅಜ್ಜನ ಅಪ್ಪನದು ಒತ್ತಕ್ಷರ ಸಣ್ಣದು, ಅಜ್ಜನದು ದುಂಡಗೆ, ಮೊಮ್ಮಗಳದು ಬಾಲ್‌ಪೆನ್ನಿನಲ್ಲಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಹೆಚ್ಚು. ಅವರ ಶಿಷ್ಯರಾದ ಖೈನೂರು ಕೃಷ್ಣಪ್ಪ, ಚನ್ನೂರು ಜಲಾಲಸಾಬರ ಪದಗಳಿವೆ. ಶಿಶುನಾಳ ಷರೀಫರಿದ್ದಾರೆ, ನಿಜಗುಣರಿದ್ದಾರೆ. ಹಾಳೆ ತಿರುವಿದರೆ ಪುರಂದರದಾಸರ ಕೀರ್ತನೆ, ಅದರ ಎದುರು ಪುಟದಲ್ಲಿ ಯಾರದೋ ಅಂಕಿತವಿಲ್ಲದ ಮೊಹರಂ ಪದ. ವಿಶ್ವವಿದ್ಯಾಲಯದ ಕಪಾಟುಗಳಲ್ಲಿ ಶರಣರು, ದಾಸರು, ಸೂಫಿಗಳು ಬೇರೆ ಬೇರೆ ಅರೆಗಳಲ್ಲಿ ಕುಳಿತಿರುತ್ತಾರೆ. ಇಲ್ಲಿ ಒಂದೇ ದಾರದಲ್ಲಿ ಹೊಲಿಗೆ ಹಾಕಿಸಿಕೊಂಡಿದ್ದಾರೆ.

ಒಂದು ಪದ ಮುಗಿದ ಕೂಡಲೇ ಇನ್ನೊಂದು ಶುರುವಾಗುವುದಿಲ್ಲ. ‘ಇದರ ಅರ್ಥ ಬಿಡಸ್ರಿ’ ಅಂತ ಯಾರೋ ಕೇಳುತ್ತಾರೆ. ಆಗ ತಾಳಗಳು ನೆಲಕ್ಕೆ ಬರುತ್ತವೆ. ಒಂಬತ್ತು ಬಾಗಿಲ ಮನೆ ಅಂದರೆ ಯಾವುದು, ಮನೆ ಕಟ್ಟಿದವ ಮನೆಯೊಳಗಿದ್ದಾನೋ ಹೊರಗಿದ್ದಾನೋ, ಬಾಡಿಗೆಗೆ ಇದ್ದವನು ಬಿಟ್ಟು ಹೋದಮೇಲೆ ಮನೆಗೆ ಏನು ಹೆಸರು. ಹೀಗೆ ಮಾತು. ಓದು ಬಾರದವರು ಓದಿದವರನ್ನು ತಡೆದು ನಿಲ್ಲಿಸುತ್ತಾರೆ. ಧ್ಯಾನವೆಂದರೆ ಒಬ್ಬನೇ ಕಣ್ಣು ಮುಚ್ಚಿ ಕುಳಿತುಕೊಳ್ಳುವುದು ಅಂದುಕೊಂಡು ಬಂದವರಿಗೆ ಈ ಗದ್ದಲ ಕಸಿವಿಸಿ ಮಾಡೀತು. ಸ್ವಲ್ಪ ತಡೆಯಿರಿ.

ರಾತ್ರಿ ಹನ್ನೊಂದರ ಸುಮಾರಿಗೆ ಮಾತು ಉಸಿರಿಗೆ ಬರುತ್ತದೆ. ಅಜ್ಜ ಒಂದು ಪದ ನಿಲ್ಲಿಸಿ, ‘ದಿನಕ್ಕ ಎಷ್ಟು ಉಸುರು ತಗೋತೀವಿ, ಯಾರರ ಹೇಳ್ರಿ’ ಅಂತಾನೆ. ‘ಇಪ್ಪತ್ತೊಂದು ಸಾವಿರದ ಆರನೂರು’ ಎಂದು ಮೂಲೆಯಿಂದ ಉತ್ತರ ಬರುತ್ತದೆ. ಎಲ್ಲರಿಗೂ ಗೊತ್ತಿರುವ ಲೆಕ್ಕ ಅದು, ಆದರೂ ಪ್ರತಿ ಸಲ ಕೇಳುತ್ತಾರೆ. ಘಳಿಗೆಗೆ 360 ಉಸಿರು, ದಿನಕ್ಕೆ 60 ಘಳಿಗೆ. ಒಳಹೋಗುವಾಗ ಒಂದು ಅಕ್ಷರ, ಹೊರಬರುವಾಗ ಒಂದು ಅಕ್ಷರ; ಅದೇ ಹಂಸಜಪ, ನೀವು ಮಾಡಿದರೂ ನಡೆಯುತ್ತದೆ, ಮರೆತರೂ ನಡೆಯುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಮೊಬೈಲು ತೆಗೆದು ಭಾಗಿಸುತ್ತಾನೆ. ಘಳಿಗೆಗೆ 24 ನಿಮಿಷ, ಅಂದರೆ ನಿಮಿಷಕ್ಕೆ 15. ‘ಕರೆಕ್ಟ್ ಐತ್ರಿ, ನಾರ್ಮಲ್ ರೇಟು!’ ಎಲ್ಲರೂ ನಗುತ್ತಾರೆ. ಬಾಗಿಲ ಬಳಿಯ ಹೆಂಗಸರೂ ನಗುತ್ತಾರೆ. ಆ ಮನೆಯಲ್ಲಿ ನಗೆ ಕೇಳಿ ಎಷ್ಟು ದಿನವಾಯಿತೋ.

ಈ ಲೆಕ್ಕವನ್ನು ಕನ್ನಡದಲ್ಲಿ ಚೊಕ್ಕವಾಗಿ ಹೇಳಿಟ್ಟವರು ಇಲ್ಲಿಗೆ ದೂರದವರಲ್ಲ. ಮಾನ್ವಿಯ ಜಗನ್ನಾಥದಾಸರು. ಅವರ ‘ಹರಿಕಥಾಮೃತಸಾರ’ದಲ್ಲಿ ಶ್ವಾಸಸಂಧಿ ಎಂದು ಒಂದು ಭಾಗವೇ ಇದೆ. ಮಾಧ್ವ ತತ್ವ ಹೇಳುವ ಭಾಮಿನಿ ಷಟ್ಪದಿಯ ಗ್ರಂಥ. ತತ್ವಪದದವರು ಗುರುವಿನ ಹೆಸರಲ್ಲಿ ಎಣಿಸುವ ಉಸಿರನ್ನು ದಾಸರು ಹರಿಯ ಹೆಸರಲ್ಲಿ, ವಾಯುದೇವರ ಮೂಲಕ ಎಣಿಸಿದರು. ದೇವರ ಬಗ್ಗೆ ಅವರಿಬ್ಬರನ್ನೂ ಒಂದು ಕಡೆ ಕೂರಿಸಿದರೆ ಬೆಳಗಾದರೂ ಜಗಳ ಮುಗಿಯಲಿಕ್ಕಿಲ್ಲ. ಉಸಿರಿನ ಲೆಕ್ಕದಲ್ಲಿ ಮಾತ್ರ ಒಂದು ಅಂಕಿಯ ಭೇದವಿಲ್ಲ.

ಜಗನ್ನಾಥದಾಸರ ಹೆಸರು ಬಂದಮೇಲೆ ಗೋಪಾಲದಾಸರ ಕತೆ ಬರಲೇಬೇಕು, ಯಾಕೆಂದರೆ ಗೋಪಾಲದಾಸರು ಇದೇ ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಹುಟ್ಟಿದ ಹೆಸರು ಭಾಗಣ್ಣ. ಕುಲಕರ್ಣಿ ಮನೆತನ. ಅಪ್ಪ ತೀರಿಕೊಂಡ ಮೇಲೆ ದಾಯಾದಿಗಳು ಆಸ್ತಿ ಹೊಡೆದುಕೊಂಡರು. ತಾಯಿ ವೆಂಕಮ್ಮ ನಾಲ್ಕು ಗಂಡುಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಸಂಕಾಪುರಕ್ಕೆ ಬಂದಳು. ಅಲ್ಲಿ ಈ ಹುಡುಗ ಹನುಮಂತನ ಗುಡಿಯಲ್ಲಿ ಗಾಯತ್ರಿ ಜಪಕ್ಕೆ ಕುಳಿತ. ಉಣ್ಣಲು ತತ್ವಾರವಿದ್ದ ಮನೆಯ ಹಿರಿಮಗ ಜಪಕ್ಕೆ ಕೂತರೆ ನೆರೆಹೊರೆ ಏನೆಂದಿತೋ ಚರಿತ್ರೆಕಾರರು ಬರೆದಿಲ್ಲ, ಊಹಿಸಬಹುದು. ಮುಂದೆ ವಿಜಯದಾಸರು ಅವರನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ವಿಜಯದಾಸರೂ ಇದೇ ಸೀಮೆಯವರು, ಮಾನ್ವಿ ತಾಲೂಕಿನ ಚೀಕಲಪರ್ವಿಯವರು. ಅವರ ಎಳವೆಯೂ ಬಡತನದಲ್ಲೇ ಕಳೆದದ್ದು.

ಅಜ್ಜ ಕತೆ ಹೇಳಲು ಏಕತಾರಿ ಕೆಳಗಿಡುತ್ತಾನೆ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯ ಎಂಬ ದೊಡ್ಡ ಪಂಡಿತ. ಸಂಸ್ಕೃತದ ಗತ್ತು. ತಂಬೂರಿ ಹಿಡಿದು ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ಅಸಡ್ಡೆ. ವಿಜಯದಾಸರು ಮಾನ್ವಿಗೆ ಬಂದಾಗ ಊಟಕ್ಕೆ ಕರೆದರೆ, ಹೊಟ್ಟೆನೋವು, ಅಷ್ಟು ಹೊತ್ತು ಕಾಯಲಾರೆ ಎಂದು ನೆಪ ಹೇಳಿ ತಪ್ಪಿಸಿಕೊಂಡ. ಹೊಟ್ಟೆನೋವು ನಿಜವಾಗಿಯೇ ಬಂತು, ಜೀವಕ್ಕೇ ಬಂತು. ಕೊನೆಗೆ ವಿಜಯದಾಸರ ಕಾಲಿಗೇ ಬಿದ್ದ. ಅವರು ಗೋಪಾಲದಾಸರ ಕಡೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ತೆಗೆದು ಅವನಿಗೆ ಧಾರೆಯೆರೆದರು. ಆ ಪಂಡಿತನೇ ಪಂಢರಪುರದ ಚಂದ್ರಭಾಗೆಯಲ್ಲಿ ಅಂಕಿತ ಪಡೆದು ಜಗನ್ನಾಥದಾಸನಾದ. ‘ಜ್ವಾಳದ ರೊಟ್ಟ್ಯಾಗ ಇಟ್ಟು ಕೊಟ್ರಂತ್ರಿ ಆಯುಷ್ಯ’ ಅಂತ ಅಜ್ಜ ಸೇರಿಸುತ್ತಾನೆ. ‘ಹೌದ್ರಿ, ರೊಟ್ಟ್ಯಾಗ’ ಅಂತ ಒಳಗಿನಿಂದ ಹೆಣ್ಣುದನಿಯೊಂದು ಅನುಮೋದಿಸುತ್ತದೆ, ರೊಟ್ಟಿಯ ವಿಷಯದಲ್ಲಿ ಕೊನೆಯ ಮಾತು ತನ್ನದು ಎಂಬ ಹಾಗೆ.

ಇಸವಿ ನೋಡುವವರಿಗೆ: ಗೋಪಾಲದಾಸರು ತೀರಿಕೊಂಡದ್ದು 1762ರಲ್ಲಿ, ಈಗ ತೆಲಂಗಾಣಕ್ಕೆ ಸೇರಿದ ಉತ್ತನೂರಿನಲ್ಲಿ, ನಲವತ್ತರ ಆಸುಪಾಸಿನಲ್ಲಿ. ಜಗನ್ನಾಥದಾಸರು 1728ರಿಂದ 1809ರವರೆಗೆ ಬದುಕಿದರು. ಆಯುಷ್ಯವನ್ನು ಹೀಗೆ ಕೊಡಬಹುದೆಂದು ನನ್ನ ಬುದ್ಧಿ ಒಪ್ಪುವುದಿಲ್ಲ. ಆದರೆ ಒಂದು ಸೀಮೆ ಇನ್ನೂರೈವತ್ತು ವರ್ಷಗಳಿಂದ ತನ್ನ ಮಕ್ಕಳಿಗೆ ಈ ಕತೆಯನ್ನೇ ಆರಿಸಿ ಹೇಳುತ್ತ ಬಂದಿದೆ. ಕೃಷ್ಣೆ ತುಂಗಭದ್ರೆಯ ನಡುವಿನ ಈ ನೆಲಕ್ಕೆ ಎರಡೂ ಕಡೆಯ ದೊರೆಗಳು ಶತಮಾನಗಟ್ಟಲೆ ಬಡಿದಾಡಿದರು. 1520ರಲ್ಲಿ ರಾಯಚೂರು ಕೋಟೆಯ ಮುಂದೆ ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್‌ಶಾಹ, 1858ರಲ್ಲಿ ನದಿಯಾಚೆ ಸುರಪುರದ ಬಂಡಾಯ, 1948ರವರೆಗೆ ರಜಾಕಾರರ ಹಾವಳಿ. ಬರಗಳ ಪಟ್ಟಿ ಬೇರೆ. ತೀರ ಈಚಿನದು 2023. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಇಂಥ ನೆಲ ತನ್ನ ಮಕ್ಕಳಿಗೆ ಗೆದ್ದವರ ಕತೆ ಹೇಳಬಹುದಿತ್ತು. ಹೇಳಿದ್ದು ತನ್ನ ವರ್ಷಗಳನ್ನು ಇನ್ನೊಬ್ಬನಿಗೆ ಕೊಟ್ಟವನ ಕತೆಯನ್ನು.

ಕತೆ ಮುಗಿಸಿ ಅಜ್ಜ ಒಂದು ಚಿಟಿಕೆ ಸುಣ್ಣ ತೆಗೆದು ಎಲೆಗೆ ಹಚ್ಚುತ್ತಾನೆ. ಅಪ್ಪ ಕುಳಿತ ಕಡೆ ನೋಡದೆ, ಎಲೆಯನ್ನೇ ನೋಡುತ್ತ ಅಂತಾನೆ: ‘ನಲವತ್ತು ವರ್ಷ ಕೊಡಾಕ ನಮ್ಮ ಕೈಲಿ ಎಲ್ಲಿ ಆಗ್ತದ್ರಿ. ಒಂದ್ ರಾತ್ರಿ ಕೊಡಬಹುದ್ರಿ.’

ಏಕತಾರಿ ಮತ್ತೆ ಶುರುವಾಗುತ್ತದೆ.

ತೀರಿಕೊಂಡವನ ತಮ್ಮ ಇಲ್ಲೇ ಇದ್ದಾನೆ. ಕಾಲೇಜು ಅರ್ಧಕ್ಕೆ ಬಿಟ್ಟ ಹುಡುಗ. ಇಷ್ಟು ಹೊತ್ತೂ ಕಂಬಕ್ಕೆ ಒರಗಿ ಮೊಬೈಲು ನೋಡುತ್ತಿದ್ದವನು ಒಂದು ಪದ ಮುಗಿದಾಗ ತಟ್ಟನೆ ಕೇಳುತ್ತಾನೆ. ‘ಹಿಂಗ ಹಾಡಿದ್ರ ನಮ್ಮಣ್ಣ ಬರ್ತಾನೇನಜ್ಜಾ?’

‘ಬರಂಗಿಲ್ಲ ತಮ್ಮಾ.’

‘ಮತ್ಯಾಕ ಹಾಡ್ತೀರಿ?’

‘ನಿಮ್ಮಪ್ಪ ಒಬ್ಬನ ಕುಂತಾನ. ಅದಕ್ಕ.’

ಹುಡುಗ ಎದ್ದು ಹೊರಗೆ ಹೋಗುತ್ತಾನೆ. ಯಾರೂ ಹಿಂದೆ ಹೋಗುವುದಿಲ್ಲ. ಸ್ವಲ್ಪ ಹೊತ್ತಿಗೆ ಹತ್ತಿಕಟ್ಟಿಗೆಯ ಹೊರೆ ತಂದು ಬೆಂಕಿಗೆ ಹಾಕಿ ಅಲ್ಲೇ ಕುಕ್ಕರಗಾಲಲ್ಲಿ ಕೂರುತ್ತಾನೆ.

ಅವನ ಪ್ರಶ್ನೆ ನನ್ನದೂ ಹೌದು. ಬಡವರ ಭಕ್ತಿಯನ್ನು ಕಂಡು ಕಣ್ಣು ತುಂಬಿಕೊಂಡು, ಬೆಳಿಗ್ಗೆ ಬಸ್ಸು ಹತ್ತಿ ಬರುವ ಬರಹಗಳನ್ನು ಸಾಕಷ್ಟು ಓದಿದ್ದೇವೆ. ಕಾಲುವೆಗೆ ನೀರು, ಊರಲ್ಲೇ ಕೂಲಿ, ಕೆಲಸದ ಜಾಗದಲ್ಲಿ ಸೊಂಟಕ್ಕೊಂದು ಹಗ್ಗ, ಇವಿದ್ದಿದ್ದರೆ ಈ ಅಂಗಳದಲ್ಲಿ ಇವತ್ತು ಭಜನೆ ಇರುತ್ತಿರಲಿಲ್ಲ. ಸಮಾಧಾನ ಹೇಳುವುದರಲ್ಲಿ ಒಂದು ಅಪಾಯವೂ ಇದೆ, ತಪ್ಪು ಮಾಡಿದವನನ್ನು ಅದು ಬಿಟ್ಟುಬಿಡುತ್ತದೆ. ಆದರೆ ಈ ರಾತ್ರಿ ಕಣ್ಣಾರೆ ಕಂಡದ್ದನ್ನೂ ಹೇಳಬೇಕು. ನಡುರಾತ್ರಿಯ ಚಹಾದ ಹೊತ್ತಿಗೆ, ತಾಳ ಹಾಕುತ್ತಿದ್ದ ಮೇಷ್ಟ್ರು ಅಪ್ಪನ ಪಕ್ಕಕ್ಕೆ ಸರಿದು ಕೂರುತ್ತಾರೆ. ಮಗನ ಹೆಸರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿದ್ದರೋ ಇಲ್ಲವೋ, ಪೊಲೀಸರು ಬರೆದ ಕಾಗದದ ನಕಲು ಎಲ್ಲಿದೆ, ಮೇಸ್ತ್ರಿ ಕೈಗೆ ಹಣ ಕೊಡುವಾಗ ಯಾವುದಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡ. ಒಂದೊಂದನ್ನೇ ಕೇಳಿ, ವಹಿಯ ಕೊನೆಯ ಖಾಲಿ ಪುಟದಲ್ಲಿ ಬರೆದುಕೊಳ್ಳುತ್ತಾರೆ. ಪದ ಬರೆದ ವಹಿಯಲ್ಲೇ. ಅಜ್ಜ ಏನೂ ಅನ್ನುವುದಿಲ್ಲ. ಜೋಳದ ಲೆಕ್ಕದಿಂದ ಶುರುವಾದ ವಹಿ ಅದು, ಅದಕ್ಕೆ ಇದು ಹೊಸದಲ್ಲ.

ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಈ ಅಂಗಳದಲ್ಲಿ ಕುರುಬರು, ನಾಯಕರು, ಲಿಂಗಾಯತರು, ಮಾದಿಗರು, ಪಿಂಜಾರರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದಾರೆ. ಮಡಿವಾಳಪ್ಪನವರು ಜಾತಿಯನ್ನು ಹೀಯಾಳಿಸಿದ ಪದಕ್ಕೆ ಎಲ್ಲರೂ ಸೊಲ್ಲು ಸೇರಿಸುತ್ತಾರೆ. ಬೆಳಗಾದ ಮೇಲೆ ಒಬ್ಬೊಬ್ಬರ ಓಣಿ ಒಂದೊಂದು ಕಡೆ, ಒಬ್ಬರ ಮನೆಯ ಒಲೆಯ ತನಕ ಇನ್ನೊಬ್ಬರು ಹೋಗುವುದಿಲ್ಲ. ‘ಹಾಡದಾಗ ಒಂದೀವಿ, ಹೊಲದಾಗ ಒಂದಿಲ್ಲ’ ಅಂತ ಹಾರ್ಮೋನಿಯಂ ಬಾರಿಸುವವನು ನಿಮ್ಮ ಕಿವಿಯ ಹತ್ತಿರ ಬಂದು ಹೇಳುತ್ತಾನೆ. ಅವನೇ ಹೇಳಿದ್ದು, ನೀವು ಕೇಳಿರಲಿಲ್ಲ.

ಮೂರು ಗಂಟೆ ಆಗಿರಬೇಕು. ಒಂದು ಪದ ಕೊನೆಯಾಗುತ್ತದೆ, ಮತ್ತೊಂದನ್ನು ಯಾರೂ ಎತ್ತುವುದಿಲ್ಲ. ಅರ್ಥ ಬಿಡಿಸಿರೆಂದು ಯಾರೂ ಕೇಳುವುದಿಲ್ಲ. ಏಕತಾರಿಯ ತಂತಿಯ ಮೇಲೆ ಮಾತ್ರ ಅಜ್ಜನ ಬೆರಳು ಒಂದೇ ಅಳತೆಯಲ್ಲಿ ಬೀಳುತ್ತಿದೆ. ಚಳಿ ನೆಲದಿಂದ ಗೋಣಿತಟ್ಟು ದಾಟಿ ಬಂದು ಮೀನಖಂಡಕ್ಕೆ ಹತ್ತಿದೆ. ನಿಮ್ಮ ಉಸಿರು ನಿಮಗೇ ಕಾಣುತ್ತದೆ, ಬಾಯಿಂದ ಹೊರಟ ಆವಿ ಲಾಟೀನಿನ ಬೆಳಕಿನಲ್ಲಿ. ಒಂದು ಒಳಗೆ, ಒಂದು ಹೊರಗೆ. ಎಣಿಸಬೇಕೆಂದು ಎಣಿಸಿದ್ದಲ್ಲ, ಎಣಿಕೆ ತಾನಾಗಿ ಶುರುವಾಗಿದೆ. ಸುತ್ತ ಇಪ್ಪತ್ತು ಇಪ್ಪತ್ತೈದು ಜನರ ಆವಿ. ಕೆಲವರು ಕಣ್ಣು ಮುಚ್ಚಿದ್ದಾರೆ, ಒಬ್ಬಿಬ್ಬರು ನಿದ್ದೆ ಹೋಗಿದ್ದಾರೆ, ಅವರನ್ನು ಎಬ್ಬಿಸುವ ರೂಢಿಯಿಲ್ಲ. ಹನ್ನೊಂದು ಗಂಟೆಯ ಆ ಗದ್ದಲವಿಲ್ಲದೆ ಈ ಮೂರು ಗಂಟೆಯ ಸುಮ್ಮನಿರುವಿಕೆಗೆ ಬರಲಾಗುತ್ತಿರಲಿಲ್ಲ ಎಂಬುದು ಆಗ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಕೂತವನಿಗೆ ದುಃಖವೇ ಮೊದಲು ಕಾಣುವುದು. ಅದು ಗೊತ್ತಿದ್ದವರು ಮೊದಲು ಹಾಡಿ, ಜಗಳವಾಡಿ, ನಗಿಸಿ, ಚಹಾ ಕುಡಿಸಿ, ಆಮೇಲೆ ಸುಮ್ಮನೆ ಕೂರಿಸುತ್ತಾರೆ.

ಹೀಗೆ ಎಷ್ಟು ಹೊತ್ತೋ. ಗೋಡೆಯ ಕಡೆಯಿಂದ ಸದ್ದು. ಅಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ. ಅವನು ಹಾಡುವುದಿಲ್ಲ. ಕೈ ಚಾಚುತ್ತಾನೆ. ನಿಮಗೆ ಮೊದಲು ತಿಳಿಯುವುದಿಲ್ಲ. ಪಕ್ಕದವರು ಮೊಣಕೈಯಿಂದ ತಿವಿದು ತಾಳ ತೋರಿಸುತ್ತಾರೆ. ಕೊಡುತ್ತೀರಿ. ಹಿತ್ತಾಳೆ ಚಳಿಗೆ ಕೊರೆಯುತ್ತಿದೆ, ಅವನು ಅದನ್ನು ಧೋತರದ ಅಂಚಿನಲ್ಲಿ ಒರೆಸಿ ಬೆರಳಿಗೆ ಹಗ್ಗ ಸುತ್ತಿಕೊಳ್ಳುತ್ತಾನೆ. ಮೊದಲ ಹೊಡೆತ ತಪ್ಪುತ್ತದೆ. ದಮ್ಮಡಿಯ ಹಿರಿಯರು ಕಂಬಳಿ ಬಿಚ್ಚಿ, ಅವನ ತಪ್ಪಿದ ಹೊಡೆತಕ್ಕೇ ತಮ್ಮದನ್ನು ಹೊಂದಿಸಿಕೊಂಡು ನಿಧಾನಕ್ಕೆ ಶುರುಮಾಡುತ್ತಾರೆ. ಬಾಗಿಲ ಒಳಗೆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾಳೆ, ಅಳಲು ಬಿಡುತ್ತಾರೆ. ಹಾಡು ನಿಲ್ಲುವುದಿಲ್ಲ.

ಮಂಗಳದ ಪದ ಮುಗಿದಾಗ ಪೂರ್ವ ಬೆಳ್ಳಗಾಗಿದೆ. ಮಂಡಾಳ, ಚಹಾ. ಕೆಲವರು ಹತ್ತಿ ಬಿಡಿಸಲು ಹೊರಟರು. ರಾತ್ರಿಯಿಡೀ ಹಾಡಿದ್ದಕ್ಕೆ ಕೂಲಿ ರಜೆಯಿಲ್ಲ. ಕೆಲವರು ಟಂಟಂ ಏರಿ ತಿಂಥಣಿಗೆ ಹೊಳೆಸ್ನಾನಕ್ಕೆ. ಜಾಲಹಳ್ಳಿ ದಾಟಿ ಹೋದರೆ ತಿಂಥಣಿ ಬ್ರಿಜ್. ಸೇತುವೆಯ ಈ ತುದಿ ದೇವದುರ್ಗ ತಾಲೂಕು, ಆ ತುದಿ ಸುರಪುರ. ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಸಣ್ಣದಾಗಿ ಹರಿಯುತ್ತಿದ್ದಾಳೆ. 2019ರ ಆಗಸ್ಟ್‌ನಲ್ಲಿ ಬಸವಸಾಗರ ಜಲಾಶಯದ ಗೇಟುಗಳಿಂದ ಲಕ್ಷಗಟ್ಟಲೆ ಕ್ಯುಸೆಕ್ ಬಿಟ್ಟಾಗ ಇದೇ ನದಿ ಹೂವಿನಹೆಡಗಿ ಸೇತುವೆಯನ್ನು ಮುಳುಗಿಸಿ, ದಂಡೆಯ ಹೊಲಗಳನ್ನು ಬಳಿದುಕೊಂಡು ಹೋಗಿತ್ತು.

ಆಚೆ ದಡದಲ್ಲಿ ಮೌನೇಶ್ವರರ ಗುಡಿ. ಜನರ ಬಾಯಲ್ಲಿ ಮೋನಪ್ಪಯ್ಯ. ಆದಿಲ್‌ಶಾಹಿಗಳ ಕಾಲದವರು, ವಿಶ್ವಕರ್ಮ ಕುಲದವರು, ವಚನ ಬರೆದವರು. ಅವರ ಭಕ್ತರು ಇವತ್ತಿಗೂ ಜಯಘೋಷದಲ್ಲಿ ಓಂಕಾರದ ಜೊತೆ ಒಂದು ಲಕ್ಷದ ಎಂಬತ್ತು ಸಾವಿರ ಪೀರರನ್ನು ಕೂಗಿ ಕರೆಯುತ್ತಾರೆ. ಮಾಘದ ಜಾತ್ರೆಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಾರೆ. ಬೇರೆ ಕಡೆ ಯಾರು ಯಾರ ಜಾತ್ರೆಯಲ್ಲಿ ಅಂಗಡಿ ಹಾಕಬೇಕು ಎಂಬ ತಕರಾರು ಎದ್ದಿರುವ ಈ ದಿನಗಳಲ್ಲಿ ಇದನ್ನು ಹೋಗಿ ನೋಡುವುದು ಒಳ್ಳೆಯದು. ದಮ್ಮಡಿಯ ಹಿರಿಯರು ಹೊಳೆಯಲ್ಲಿ ಕಾಲು ತೊಳೆದು, ಬಂಡೆಯ ಮೇಲೆ ಟವೆಲ್ಲು ಹಾಸಿ ಮಲಗಿಬಿಟ್ಟಿದ್ದಾರೆ. ಮೇಷ್ಟ್ರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾರೆ: ಸೋಮವಾರ ದೇವದುರ್ಗಕ್ಕೆ ಹೋಗಬೇಕು, ಕಾರ್ಮಿಕ ಇಲಾಖೆಯ ಆಫೀಸಿಗೆ, ಅಪ್ಪನನ್ನೂ ಕರೆದುಕೊಂಡು.

ಹೋಗಬೇಕೆನ್ನುವವರಿಗೆ ಎರಡು ಮಾತು. ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ನೋಡಿಕೊಳ್ಳಿ, ದೇವದುರ್ಗದಿಂದ ಜಾಲಹಳ್ಳಿ ಬಸ್ಸು ಹಿಡಿಯಿರಿ, ಚಹಾದಂಗಡಿಯಲ್ಲಿ ‘ಇವತ್ತು ಭಜನಿ ಎಲ್ಲೈತ್ರಿ’ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಹೊದೆಯಲು ಕಂಬಳಿ ಇರಲಿ. ವಿಡಿಯೋ ಮಾಡುವ ಮುಂಚೆ ಮನೆಯವರನ್ನು ಕೇಳಿ, ಸಾವಿನ ಮನೆಯಾದರೆ ಕೇಳಲೂ ಹೋಗಬೇಡಿ. ಇನ್ನು ವಹಿಗಳ ಮಾತು. ಲಿಂಗಸುಗೂರಿನ ಗೊರಬಾಳ ಹನುಮಂತರಾಯರು ಮನೆಮನೆ ತಿರುಗಿ ದಾಸರ ಹಾಡುಗಳನ್ನು ಕೂಡಿಸಿ ಅಚ್ಚು ಹಾಕಿಸಿದ್ದರಿಂದ ಈ ಸೀಮೆಯ ಎಷ್ಟೋ ದಾಸರು ಉಳಿದರು. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳ ಸಂಪುಟಗಳನ್ನು ತಂದಿದೆ. ಅವರಿಗೆ ಸಿಗದ ವಹಿಗಳು ಇನ್ನೂ ಹಳ್ಳಿಗಳ ನಾಗೊಂದಿಯ ಮೇಲಿವೆ, ಪ್ರತಿ ವರ್ಷ ಮನೆ ಸಾರಿಸುವಾಗ ಒಂದಿಷ್ಟು ರದ್ದಿಯವನ ತಕ್ಕಡಿಗೆ ಹೋಗುತ್ತವೆ. ನಿಮ್ಮ ಮನೆಯಲ್ಲಿ ಅಜ್ಜನದೋ ಮುತ್ತಜ್ಜನದೋ ಅಂಥದ್ದೊಂದು ಇದ್ದರೆ ರದ್ದಿಗೆ ಕೊಡಬೇಡಿ; ಇಳಿಸಿ, ದೂಳು ಕೊಡವಿ, ಓದಬಲ್ಲವರ ಕೈಗೆ ಕೊಡಿ.